ಸಂಸಾರದ ಕಾದಂಬರಿ ಓದಿ ಪ್ರತಿಕ್ರಿಯೆ ಬರೆಯುವ ಬಗೆ

ಅತ್ತೆ-ಸೊಸೆ, ಗಂಡ-ಹೆಂಡತಿ, ಅಣ್ಣತಮ್ಮಂದಿರ ಪಾಲು, ಮನೆ ಬಿಟ್ಟು ಹೋದ ಮಗಳು: ಇಂಥ ಕಾದಂಬರಿ ಓದಿ ಮುಗಿಸಿದವರಿಗೆ ಮಾತಿಗೇನೂ ಬರವಿಲ್ಲ. ಬರೆಯಲು ಕೂತಾಗ ಮಾತ್ರ ಆ ಮಾತು ಹೆಚ್ಚಾಗಿ ಮೂರು ರೀತಿಯಲ್ಲಿ ಕೆಡುತ್ತದೆ. ಒಂದು, ಕಥಾಸಾರವಾಗುತ್ತದೆ, ಆರು ಪ್ಯಾರಾ ಕತೆ ಹೇಳಿ, ಕೊನೆಗೆ ಎರಡು ಸಾಲು ಮೆಚ್ಚುಗೆ. ಎರಡು, ಪಂಚಾಯ್ತಿಯಾಗುತ್ತದೆ; ಅತ್ತೆಯದು ತಪ್ಪು, ಮಗ ಕೈಲಾಗದವನು, ಸೊಸೆ ಸಹನಾಮೂರ್ತಿ ಎಂದು ಒಬ್ಬೊಬ್ಬರಿಗೂ ತೀರ್ಪು. ಮೂರು, ಬರೆದವರ ಮನೆಯ ಪುರಾಣವಾಗುತ್ತದೆ. ಎರಡನೇ ಪ್ಯಾರಾ ಹೊತ್ತಿಗೆ ಪುಸ್ತಕ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ.

ಇವು ಮೂರೂ ಬರೆಯುವಾಗ ಆಗುವ ತಪ್ಪುಗಳಂತೆ ಕಾಣುತ್ತವೆ. ನಿಜಕ್ಕೂ ಓದುವಾಗ ಗುರುತು ಹಾಕಿಕೊಳ್ಳದಿರುವುದರಿಂದ ಆಗುವ ತಪ್ಪುಗಳು ಇವು. ಪುಸ್ತಕ ಮುಚ್ಚಿದ ಮೇಲೆ ನೆನಪಲ್ಲಿ ಉಳಿಯುವುದು ಕತೆಯ ಎಲುಬು ಮತ್ತು ಒಟ್ಟಾರೆ ಒಂದು ಭಾವ, ಅಷ್ಟೇ. ಪ್ರತಿಕ್ರಿಯೆಗೆ ಬೇಕಾದ ಸರಕು ಅವೆರಡರ ನಡುವೆ, ಓದುತ್ತಿದ್ದಾಗ ಮನಸ್ಸು ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲಿದ ಪುಟಗಳಲ್ಲಿ ಇರುತ್ತದೆ.

ಓದುವ ಮುಂಚೆ, ಓದುತ್ತಾ

ಮುನ್ನುಡಿ, ಬೆನ್ನುಡಿ ಎರಡನ್ನೂ ಕೊನೆಗೆ ಓದಿ. ನಮ್ಮ ಮುನ್ನುಡಿಕಾರರಲ್ಲಿ ಬಹಳ ಮಂದಿಗೆ ಕತೆಯ ಕೊನೆಯನ್ನು ಮೊದಲೇ ಹೇಳಿಬಿಡುವ ಅಭ್ಯಾಸವಿದೆ. ಜೊತೆಗೆ ಯಾವ ಪಾತ್ರ ದೊಡ್ಡದು, ಯಾವುದು ಸಣ್ಣದು ಎಂದೂ ಅವರೇ ತೀರ್ಮಾನಿಸಿರುತ್ತಾರೆ. ಅದನ್ನು ಓದಿ ಒಳಗೆ ಹೋದರೆ ನಿಮ್ಮ ಬರಹದಲ್ಲಿ ಅವರ ಮಾತೇ ತಿರುಗಿ ಬರುತ್ತದೆ, ನಿಮಗೆ ಗೊತ್ತಿಲ್ಲದೆ.

ಮೊದಲ ಐವತ್ತು ಪುಟ ಆಗುವಷ್ಟರಲ್ಲಿ ಒಂದು ಹಾಳೆಯಲ್ಲಿ ಮನೆಯ ನಕ್ಷೆ ಬರೆದುಕೊಳ್ಳಿ. ವಂಶವೃಕ್ಷ ಬರೆದರೆ ಸಾಲದು. ಹೆಸರಿನ ಪಕ್ಕದಲ್ಲಿ ನಾಲ್ಕು ವಿಷಯ ಇರಬೇಕು: ಮನೆ ಯಾರ ಹೆಸರಲ್ಲಿದೆ, ದುಡ್ಡು ಯಾರ ಕೈಯಲ್ಲಿದೆ, ಒಲೆಯ ಮುಂದೆ ಯಾರು ಇರುತ್ತಾರೆ, ಕೊನೆಯ ಪಂಕ್ತಿಗೆ ಯಾರು ಕೂರುತ್ತಾರೆ. ಕಾದಂಬರಿಕಾರರು ಇವನ್ನು ನೇರವಾಗಿ ಹೇಳುವುದು ಕಡಿಮೆ, ದೃಶ್ಯಗಳಲ್ಲಿ ಚೆಲ್ಲಿರುತ್ತಾರೆ. ಈ ನಾಲ್ಕರಲ್ಲಿ ಯಾವುದಾದರೂ ಕತೆಯ ಮಧ್ಯೆ ಕೈ ಬದಲಿಸಿದರೆ ಕಣ್ಣಿಡಿ. ಜಗಳ ಶುರುವಾಗುವುದು ಹೆಚ್ಚಾಗಿ ಅದರ ನಂತರ.

ನೆಂಟಸ್ತಿಕೆಯನ್ನು ಬಿಡಿಸಿ ಬರೆಯಿರಿ. ಬರೀ 'ಅತ್ತೆ' ಎಂದು ಗೀಚಿಕೊಂಡರೆ ಇನ್ನೂರು ಪುಟ ದಾಟಿದ ಮೇಲೆ ಅವರು ಅಪ್ಪನ ತಂಗಿಯೋ, ಸೋದರಮಾವನ ಹೆಂಡತಿಯೋ, ಗಂಡನ ತಾಯಿಯೋ ಎಂದು ಗೊಂದಲವಾಗುತ್ತದೆ. ಸೋದರಿಕೆಯಲ್ಲಿ ಮದುವೆಯಾದ ಮನೆಯಾದರೆ ಒಬ್ಬರೇ ಎರಡೂ ಆಗಿರುತ್ತಾರೆ, ಮತ್ತು ಕತೆಯ ಬಿಕ್ಕಟ್ಟೇ ಅಲ್ಲಿರಬಹುದು. ಧಾರವಾಡ ಕಡೆಯ ಕಾದಂಬರಿಯಲ್ಲಿ ವೈನಿ, ಕಾಕಾ ಎಂದಿದ್ದರೆ ನಿಮ್ಮ ಬರಹದಲ್ಲೂ ಹಾಗೇ ಇರಲಿ. ಅತ್ತಿಗೆ, ಚಿಕ್ಕಪ್ಪ ಎಂದು ತಿದ್ದಿ ಮೈಸೂರಿಗೆ ಎಳೆದು ತರಬೇಡಿ.

ಇನ್ನು ಪುಟದ ಗುರುತಿಗೆ ಇಡುವ ಚೀಟಿಗಳು. ಮುನ್ನೂರು ಪುಟದ ಕಾದಂಬರಿಗೆ ಹತ್ತು ಹನ್ನೆರಡು ಚೀಟಿ ಸಾಕು. ಐದಕ್ಕಿಂತ ಕಡಿಮೆಯಾದರೆ ಮುಂದೇನಾಯಿತು ಎಂಬ ಆತುರದಲ್ಲಿ ಓಡಿದ್ದೀರಿ ಎಂದರ್ಥ. ಮೂವತ್ತಾದರೆ ಚೆನ್ನಾಗಿ ಕಂಡ ಸಾಲಿಗೆಲ್ಲ ಚೀಟಿ ಇಟ್ಟಿದ್ದೀರಿ, ಬರೆಯುವಾಗ ಅದು ಉಪಯೋಗಕ್ಕೆ ಬರುವುದಿಲ್ಲ. ಚೀಟಿಯ ಮೇಲೆ ಪುಟಸಂಖ್ಯೆ, ಅಧ್ಯಾಯ, ಪಾತ್ರದ ಹೆಸರು, ನಾಲ್ಕೈದು ಪದದ ಕಾರಣ ಬರೆಯಿರಿ. ಅಧ್ಯಾಯ ಬೇಕೇ ಬೇಕು, ಏಕೆಂದರೆ ಹಳೆಯ ಕಾದಂಬರಿಗಳು ಹಲವು ಮುದ್ರಣ ಕಂಡಿರುತ್ತವೆ. ನಿಮ್ಮ 112ನೇ ಪುಟ ಇನ್ನೊಬ್ಬರ ಪ್ರತಿಯಲ್ಲಿ 140 ಆಗಿರುತ್ತದೆ. ಗ್ರಂಥಾಲಯದ ಪುಸ್ತಕಕ್ಕೆ ಪೆನ್ನಿನ ಗೆರೆ ಎಳೆಯಬೇಡಿ ಎಂದು ಬೇರೆ ಹೇಳಬೇಕಿಲ್ಲ, ಆದರೂ ಹೇಳಿದ್ದೇವೆ.

ಪಕ್ಷ ಬದಲಾದ ಪುಟ

ಸಂಸಾರದ ಕಾದಂಬರಿಯನ್ನು ಯಾರೂ ತಟಸ್ಥರಾಗಿ ಓದುವುದಿಲ್ಲ. ಇಪ್ಪತ್ತು ಪುಟದೊಳಗೆ ಯಾರದೋ ಕಡೆ ಸೇರಿಕೊಂಡಿರುತ್ತೇವೆ. ಅದಕ್ಕೇ ಚೀಟಿ ಇಡಬೇಕಾದ ಮೊದಲ ಜಾಗ ನೀವು ಯಾರ ಕಡೆ ಸೇರಿದಿರಿ ಎಂಬ ಪುಟ. ಎರಡನೆಯದು ಆ ಕಡೆ ಬಿಟ್ಟ ಪುಟ. ಕೊನೆಯವರೆಗೂ ಬಿಡಲೇ ಇಲ್ಲವಾದರೆ, ಬಿಡುವ ಹಾಗೆ ಕಾದಂಬರಿ ಒತ್ತಿ ಹಿಡಿದ ಜಾಗ. ಈ ಎರಡು ಮೂರು ಪುಟ ಸಿಕ್ಕರೆ ಪ್ರತಿಕ್ರಿಯೆಯ ಬೆನ್ನೆಲುಬು ಸಿಕ್ಕಂತೆ.

ಒಂದು ಉದಾಹರಣೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ಚಿಕ್ಕದು, ಒಂದು ಸಂಜೆಯಲ್ಲಿ ಎರಡು ಸಲ ಓದಬಹುದು. ಈ ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಕತೆ ಹೇಳುವವನಿಗೆ ಹೆಸರಿಲ್ಲ. ಅವನು ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯವರ ಬಗ್ಗೆ ಹೇಳುತ್ತಾನೆ: ಅಪ್ಪ, ಅಮ್ಮ, ಅಕ್ಕ ಮಾಲತಿ, ವ್ಯಾಪಾರ ಮಾಡಿ ಎಲ್ಲರನ್ನೂ ಸಾಕುವ ಚಿಕ್ಕಪ್ಪ, ಹೆಂಡತಿ ಅನಿತಾ. ಬಡತನದ ದಿನಗಳು, ಇರುವೆಗಳು ಮುತ್ತಿದ ಹಳೆಯ ಮನೆ, ಅಲ್ಲಿ ಎಲ್ಲರೂ ಒಟ್ಟಿಗಿದ್ದದ್ದು: ಇದನ್ನೆಲ್ಲ ಅವನ ಬಾಯಿಂದ ಕೇಳುತ್ತಾ ನಾವು ಆ ಮನೆಯವರ ಕಡೆ ಆಗಿಬಿಡುತ್ತೇವೆ. ಅದೇ ಕತೆಯಲ್ಲಿ ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವ ದೃಶ್ಯ ಬರುತ್ತದೆ. ಅನಿತಾ ಅದನ್ನು ಖಂಡಿಸುತ್ತಾಳೆ, ನಿರೂಪಕ ಮನೆಯವರನ್ನು ತಡೆಯಲು ಹೋಗುವುದಿಲ್ಲ. ಇಲ್ಲಿ ನೀವು ಅನಿತಾಳ ಕಡೆಗೆ ಬಂದಿರೋ, ಅಥವಾ 'ಹೊಸದಾಗಿ ಬಂದವಳಿಗೆ ಇಷ್ಟು ಮಾತೇಕೆ' ಎಂದು ಒಂದು ಕ್ಷಣವಾದರೂ ಅನಿಸಿತೋ? ಎರಡನೆಯದು ಅನಿಸಿದ್ದರೆ ಅದನ್ನು ಅಳಿಸಬೇಡಿ, ಚೀಟಿಯಲ್ಲಿ ಹಾಗೇ ಬರೆಯಿರಿ. ಸಭ್ಯ ಅಭಿಪ್ರಾಯ ಆಮೇಲೆ ತಾನಾಗಿ ಬರುತ್ತದೆ, ಮೊದಲು ಬಂದ ಅಭಿಪ್ರಾಯ ಮಾತ್ರ ತಿರುಗಿ ಸಿಗುವುದಿಲ್ಲ.

ಇದರ ನಂತರ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪಕ್ಷ ಬದಲಾಗಲು ಲೇಖಕರು ಏನು ಮಾಡಿದರು? ಹೊಸ ಸಂಗತಿ ಕೊಟ್ಟರೇ? ಅದೇ ಸಂಗತಿಯನ್ನು ಬೇರೆಯವರ ಬಾಯಲ್ಲಿ ಹೇಳಿಸಿದರೇ? ಒಬ್ಬರು ಸುಮ್ಮನಿದ್ದುದನ್ನು ತೋರಿಸಿದರೇ? ಉತ್ತರ ಎರಡು ವಾಕ್ಯದಲ್ಲಿ ಇರಲಿ. ಭಾವನೆಯಿಂದ ಶುರುವಾದ ಬರಹ ಪುಸ್ತಕದ ಕಡೆ ತಿರುಗುವುದು ಈ ಎರಡು ವಾಕ್ಯಗಳಿಂದ.

ಕಾಲ ನೋಡಿ, ಆಮೇಲೆ ಬೈಯಿರಿ

ಹಳೆಯ ಕಾದಂಬರಿಗೆ ಬರುವ ಪ್ರತಿಕ್ರಿಯೆಗಳಲ್ಲಿ ಒಂದು ಮಾತು ತಪ್ಪದೇ ಇರುತ್ತದೆ: "ಇಷ್ಟೆಲ್ಲ ಅನುಭವಿಸುವ ಬದಲು ಅವಳು ಮನೆ ಬಿಟ್ಟು ಹೋಗಬಹುದಿತ್ತಲ್ಲ?" ಹೋಗಬಹುದಿತ್ತೇ ಎಂದು ಮೊದಲು ನೋಡಿ. ಎಸ್.ಎಲ್. ಭೈರಪ್ಪನವರ 'ಗೃಹಭಂಗ' ಅಚ್ಚಾದದ್ದು 1970ರಲ್ಲಿ, ಕತೆ ನಡೆಯುವುದು ಸ್ವಾತಂತ್ರ್ಯಕ್ಕೆ ಹಿಂದಿನ ಮೈಸೂರು ಸಂಸ್ಥಾನದ ಹಳ್ಳಿಗಳಲ್ಲಿ. ಅಚ್ಚಾದ ವರ್ಷ ಒಂದು, ಕತೆಯ ವರ್ಷ ಇನ್ನೊಂದು, ನೀವು ಓದುತ್ತಿರುವ ವರ್ಷ ಮತ್ತೊಂದು. ಮೂರನ್ನೂ ಚೀಟಿಯ ತಲೆಯ ಮೇಲೆ ಬರೆದುಕೊಳ್ಳಿ.

ಕತೆಯ ವರ್ಷ ಗೊತ್ತಾದರೆ ಈ ಕೆಲವು ಇಸವಿಗಳ ಜೊತೆ ಹೋಲಿಸಿ. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅದಕ್ಕೆ ಮೊದಲಿನ ಕತೆಯಲ್ಲಿ ಗಂಡ ಎರಡನೇ ಮದುವೆಯಾದರೆ ಅದು ಅನ್ಯಾಯವಿರಬಹುದು, ಹೆಚ್ಚಿನ ಕಡೆ ಕಾನೂನುಬಾಹಿರವಾಗಿರಲಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ 1956ರದು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ಅದೂ ಆ ಹೊತ್ತಿಗೆ ಮದುವೆಯಾಗಿರದವರಿಗೆ ಮಾತ್ರ, ದೇಶಕ್ಕೆಲ್ಲ 2005ರಲ್ಲಿ. ಹಾಗಾಗಿ 1970ರ ದಶಕದ ಕತೆಯಲ್ಲಿ ಅಣ್ಣಂದಿರು ಪಿತ್ರಾರ್ಜಿತ ಅವಿಭಕ್ತ ಆಸ್ತಿ ಹಂಚಿಕೊಂಡು ತಂಗಿಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ಕೊಟ್ಟು ಕಳಿಸಿದರೆ, ಆ ದೃಶ್ಯದಲ್ಲಿ ಕಾಣಬೇಕಾದ್ದು ಕಳ್ಳತನವಲ್ಲ, ಯಾರಿಗೂ ಅದು ತಪ್ಪೆಂದು ಹೊಳೆಯದಿರುವುದು. ತುಳುನಾಡಿನ ಕತೆಯಾದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನ ಕಟ್ಟಿನ ಮನೆಯೋ, ತಂದೆಯಿಂದ ಇಳಿಯುವ ಮಕ್ಕಳ ಸಂತಾನದ ಮನೆಯೋ ತಿಳಿಯಿರಿ. ಅಳಿಯಸಂತಾನದ ಮನೆಯಲ್ಲಿ ಸೋದರಮಾವನ ಮಾತಿಗೆ ಇರುವ ತೂಕ ಬೇರೆ.

ಹಾಗಂತ ಕಾಲದ ನೆಪ ಹೇಳಿ ಎಲ್ಲರನ್ನೂ ಕ್ಷಮಿಸಬೇಕಾಗಿಲ್ಲ. ಅದೇ ಕಾಲದಲ್ಲಿ, ಅದೇ ಮನೆಯಲ್ಲಿ, ಬೇರೆ ರೀತಿ ನಡೆದುಕೊಂಡ ಪಾತ್ರ ಒಂದಾದರೂ ಇದೆಯೇ ಹುಡುಕಿ. ಇದ್ದರೆ ನಿಮ್ಮ ಸಿಟ್ಟಿಗೆ ಪುಸ್ತಕವೇ ಆಧಾರ ಕೊಟ್ಟಿದೆ.

ನಮ್ಮ ಮನೆಯ ಮಾತು ಎಷ್ಟಿರಬೇಕು

ವೈಯಕ್ತಿಕ ಪ್ರತಿಕ್ರಿಯೆ ಎಂದ ಮೇಲೆ ಸ್ವಂತದ್ದು ಬೇಕು. ಅದು ಅಡುಗೆಗೆ ಹಾಕುವ ಇಂಗಿನಷ್ಟಿರಲಿ. ಆರುನೂರು ಪದದ ಬರಹಕ್ಕೆ ಒಂದೇ ಒಂದು ಪ್ರಸಂಗ, ಎಂಬತ್ತರಿಂದ ನೂರು ಪದ. ಅದನ್ನು ಮೊದಲ ಪ್ಯಾರಾದಲ್ಲಿ ಇಡಬೇಡಿ. ಅಲ್ಲಿಟ್ಟರೆ ಮುಂದಿನದೆಲ್ಲ ಅದರ ಟಿಪ್ಪಣಿಯಾಗುತ್ತದೆ. ಪಕ್ಷ ಬದಲಾದ ಪುಟವನ್ನು ಹೇಳಿದ ಕೂಡಲೇ, ನಡುವೆ ಇಡಿ.

ಪ್ರಸಂಗ ಇರಬೇಕೋ ಬೇಡವೋ ತಿಳಿಯಲು ಒಂದು ಪರೀಕ್ಷೆ: ಅದನ್ನು ತೆಗೆದು ಓದಿ. ಪುಸ್ತಕದ ಬಗ್ಗೆ ನೀವು ಹೇಳಿದ ಮಾತು ಹಾಗೇ ಅರ್ಥವಾಗುತ್ತಿದ್ದರೆ ಪ್ರಸಂಗ ಬೇಡ. "ನಮ್ಮ ಅಜ್ಜಿಯೂ ಹೀಗೇ ಕಷ್ಟಪಟ್ಟರು" ಎಂಬುದು ಬಹುಪಾಲು ಈ ಪರೀಕ್ಷೆಯಲ್ಲಿ ಬೀಳುತ್ತದೆ. "ನಮ್ಮ ಅಜ್ಜಿಯೂ ಊಟದ ಎಲೆ ಹಚ್ಚುತ್ತಿದ್ದರು, ಮುತ್ತುಗದ ಎಲೆ ಒಣಗಿದರೆ ಕಡ್ಡಿ ಚುಚ್ಚಿದಲ್ಲಿ ಸೀಳುತ್ತದೆ, ಅದಕ್ಕೆ ನೀರು ಚಿಮುಕಿಸಿಕೊಂಡು ಕೂರಬೇಕು, ನಂಜಮ್ಮ ಮನೆಗೆಲಸ, ಲೆಕ್ಕದ ಕೆಲಸ ಮುಗಿಸಿ ಎಲೆ ಹಚ್ಚಲು ಕೂರುವ ಸಾಲು ಓದಿದಾಗ ಅದಕ್ಕೆ ಹಿಡಿಯುವ ಹೊತ್ತು ನನಗೆ ಗೊತ್ತಿತ್ತು" ಎಂಬುದು ನಿಲ್ಲುತ್ತದೆ. ಇದರಿಂದ 'ಗೃಹಭಂಗ'ದ ನಂಜಮ್ಮನ ದಿನ ಎಷ್ಟು ಉದ್ದವೆಂದು ಓದುವವರಿಗೆ ಹೊಸದಾಗಿ ತಿಳಿಯಿತು.

ಇನ್ನೊಂದು ಎಚ್ಚರಿಕೆ. ನಮ್ಮ ಓದುಗರ ಬಳಗ ಚಿಕ್ಕದು, ನೆಂಟರ ಬಳಗ ದೊಡ್ಡದು. ಹೆಸರು ಬದಲಿಸಿದ ಮಾತ್ರಕ್ಕೆ ಗುರುತು ಮರೆಯಾಗುವುದಿಲ್ಲ. "ನನ್ನ ಒಬ್ಬಳೇ ನಾದಿನಿ" ಎಂದರೆ ಊರಿಗೆಲ್ಲ ತಿಳಿಯಿತು. ನೆಂಟಸ್ತಿಕೆ, ಊರು, ಉದ್ಯೋಗ ಈ ಮೂರರಲ್ಲಿ ಎರಡನ್ನಾದರೂ ಬಿಡಿ. ಇನ್ನೊಬ್ಬರ ಕಾಯಿಲೆ, ದತ್ತು, ಗರ್ಭಪಾತ, ಮುರಿದ ಮದುವೆ ಇವು ಅವರ ಮಾತು, ಒಪ್ಪಿಗೆಯಿಲ್ಲದೆ ಬರೆಯುವಂತಿಲ್ಲ. ಆಸ್ತಿಯ ದಾವೆ ಕೋರ್ಟಿನಲ್ಲಿದ್ದರೆ ಅದರ ತಂಟೆಗೇ ಹೋಗಬೇಡಿ, ಎದುರು ಕಡೆಯ ವಕೀಲರೂ ಪತ್ರಿಕೆ ಓದುತ್ತಾರೆ.

ಸವೆದ ಮಾತುಗಳನ್ನು ತೆಗೆಯುವುದು

ಮೊದಲ ಕರಡು ಮುಗಿದ ಮೇಲೆ ಕೆಂಪು ಪೆನ್ನು ಹಿಡಿದು ಈ ಮಾತುಗಳಿಗೆ ಸುತ್ತು ಹಾಕಿ: ಮನಮುಟ್ಟುವ, ಮನಕಲಕುವ, ಹೃದಯಸ್ಪರ್ಶಿ, ಕಣ್ಣಿಗೆ ಕಟ್ಟುವಂತೆ, ಒಂದೇ ಗುಕ್ಕಿಗೆ ಓದಿಸಿಕೊಂಡು ಹೋಗುತ್ತದೆ, ನಮ್ಮ ನಿಮ್ಮ ಮನೆಯ ಕತೆ, ಪ್ರತಿಯೊಬ್ಬರೂ ಓದಲೇಬೇಕಾದ. ಇವು ಸುಳ್ಳಲ್ಲ. ಒಂದೊಂದರ ಹಿಂದೆಯೂ ನೀವು ಹೇಳಬೇಕೆಂದಿದ್ದ ಏನೋ ಅಡಗಿ ಕೂತಿದೆ, ಅದನ್ನು ಹೊರಗೆ ಎಳೆಯಬೇಕು. 'ಒಂದೇ ಗುಕ್ಕಿಗೆ' ಎಂದು ಬರೆದಿದ್ದರೆ ಎಲ್ಲಿ ಪುಸ್ತಕ ಕೆಳಗಿಡಲಾಗಲಿಲ್ಲ, ಏನು ತಿಳಿಯಬೇಕೆಂದು ಕಾತರವಿತ್ತು ಎಂದು ಬರೆಯಿರಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿಯಾದರೆ ಅಧ್ಯಾಯದ ಕೊನೆಯಲ್ಲಿ ಕೊಕ್ಕೆ ಇದ್ದೇ ಇರುತ್ತದೆ. ಆಗ ನಿಮ್ಮನ್ನು ಓದಿಸಿದ್ದು ಕೊಕ್ಕೆಯೋ ಪಾತ್ರವೋ ಎಂದು ನೋಡಿ. 'ನಮ್ಮ ನಿಮ್ಮ ಮನೆಯ ಕತೆ' ಎಂದಿದ್ದರೆ ಯಾವ ಜಾತಿಯ, ಯಾವ ಊರಿನ, ಎಷ್ಟು ಎಕರೆಯ ಮನೆ ಅದು ಎಂದು ಕೇಳಿಕೊಳ್ಳಿ. ಅದು ಎಷ್ಟು ಮಂದಿಯ ಮನೆಯಲ್ಲ ಎಂಬುದು ಆಗ ಕಾಣುತ್ತದೆ, ಬರೆಯಲು ಅದೇ ಒಳ್ಳೆಯ ವಿಷಯ.

ತಿದ್ದುವುದು ಹೇಗೆಂದು ಹತ್ತಿರದಿಂದ ನೋಡೋಣ. ತ್ರಿವೇಣಿಯವರ 'ಶರಪಂಜರ'ಕ್ಕೆ ಒಂದು ಕರಡು ಹೀಗಿದೆ ಎಂದುಕೊಳ್ಳಿ:

"ಕಾವೇರಿಯ ಪಾತ್ರ ಮನಕಲಕುತ್ತದೆ. ಸಮಾಜ ಹೆಣ್ಣನ್ನು ನೋಡುವ ರೀತಿಗೆ ಈ ಕಾದಂಬರಿ ಕೈಗನ್ನಡಿ."

ಇಲ್ಲಿ ಕಾವೇರಿಯ ಹೆಸರು ತೆಗೆದು ಇನ್ನೊಂದು ಹೆಸರು ಹಾಕಿದರೆ ಬೇರೆ ನೂರು ಕಾದಂಬರಿಗೂ ಹೊಂದುತ್ತದೆ. ದೋಷ ಅದೇ. ತಿದ್ದಿದ ಮೇಲೆ:

"ಮಾನಸಿಕ ಚಿಕಿತ್ಸೆ ಮುಗಿಸಿ, ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ಇನ್ನೂ ಹುಚ್ಚಿಯಂತೆಯೇ ಕಾಣುತ್ತಾರೆ; ಅವಳ ಮಾಮೂಲಿ ಸಿಟ್ಟೂ ಅವರಿಗೆ ಕಾಯಿಲೆಯ ಲಕ್ಷಣ. ಓದುತ್ತಾ ನಾನೂ ಅದನ್ನೇ ಮಾಡುತ್ತಿದ್ದೆ. ಅವಳು ದನಿ ಏರಿಸಿದಾಗಲೆಲ್ಲ 'ಮತ್ತೆ ಶುರುವಾಯಿತೇನೋ' ಎಂದುಕೊಂಡೆ."

ಮೊದಲ ವಾಕ್ಯ ಪುಸ್ತಕದ್ದು, ಉಳಿದವು ಓದುಗರದು. 'ಸಮಾಜ' ಎಂಬ ಪದ ಹೋಯಿತು, ಆದರೆ ಸಮಾಜ ಯಾರು ಎಂಬುದು ಈಗ ಗೊತ್ತಾಗುತ್ತಿದೆ.

ಸಿನಿಮಾ ನೋಡಿದ್ದರೆ

'ಶರಪಂಜರ' ಎಂದ ಕೂಡಲೇ ಎಷ್ಟೋ ಮಂದಿಗೆ ಕಾಣುವುದು 1971ರ ಪುಟ್ಟಣ್ಣ ಕಣಗಾಲರ ಚಿತ್ರದಲ್ಲಿನ ಕಲ್ಪನಾ ಅವರ ಮುಖ. 1963ರಲ್ಲೇ ತೀರಿಕೊಂಡ ತ್ರಿವೇಣಿಯವರು ಆ ಚಿತ್ರ ನೋಡಲಿಲ್ಲ. ನೀವು ಬರೆದ ಪ್ರತಿಯೊಂದು ದೃಶ್ಯವೂ ಪುಸ್ತಕದಲ್ಲಿ ಇದೆಯೇ ಎಂದು ಅಧ್ಯಾಯ ತೆಗೆದು ನೋಡಿ. ಹಾಡು, ಒಂದು ನೋಟ, ಒಂದು ಕಿರುಚಾಟ ಇವು ಸಿನಿಮಾದಿಂದ ನುಸುಳಿ ಬರುತ್ತವೆ. ಟಿವಿ ಧಾರಾವಾಹಿಯಾದ ಕಾದಂಬರಿಗೂ ಇದೇ ಮಾತು. ಎರಡನ್ನೂ ಹೋಲಿಸಬೇಕೆನಿಸಿದರೆ ಅದಕ್ಕೆ ಬೇರೆಯೇ ಲೇಖನ ಬರೆಯಿರಿ.

ಪುಸ್ತಕದ ಮೇಲೇ ಸಿಟ್ಟು ಬಂದರೆ

ಬರಲಿ. ಒಳ್ಳೆಯ ಪ್ರತಿಕ್ರಿಯೆಗಳಲ್ಲಿ ಹಲವು ಸಿಟ್ಟಿನವೇ. ಆದರೆ ಮೂರು ದನಿಗಳನ್ನು ಬೇರೆ ಮಾಡಿಕೊಳ್ಳಿ: ಪಾತ್ರ ಹೇಳಿದ್ದು, ನಿರೂಪಕ ಹೇಳಿದ್ದು, ಘಟನೆಗಳೇ ಹೇಳಿದ್ದು. ಭೈರಪ್ಪನವರ 'ವಂಶವೃಕ್ಷ' (1965) ಈ ಜಗಳಕ್ಕೆ ಹಳೆಯ ಅಖಾಡ. ವಿಧವೆ ಕಾತ್ಯಾಯಿನಿ ಮಗನನ್ನು ಮಾವ ಶ್ರೀನಿವಾಸ ಶ್ರೋತ್ರಿಯರ ಬಳಿ ಬಿಟ್ಟು ರಾಜನನ್ನು ಮದುವೆಯಾಗುತ್ತಾಳೆ. ಆಮೇಲೆ ಗರ್ಭ ನಿಲ್ಲುವುದಿಲ್ಲ, ಮತ್ತೆ ಮತ್ತೆ ಗರ್ಭಪಾತ. ಮರುಮದುವೆಗೆ ಕಾದಂಬರಿ ಶಿಕ್ಷೆ ಕೊಟ್ಟಿತು ಎಂದು ಸಿಟ್ಟಾಗುವ ಓದುಗರಿದ್ದಾರೆ. ಆ ಸಿಟ್ಟಿಗೆ ಆಧಾರ ಘಟನೆಗಳ ಜೋಡಣೆಯಲ್ಲಿದೆ. ಅದೇ ಕಾದಂಬರಿ ಕೊನೆಗೆ, ವಂಶವೇ ಮುಖ್ಯವೆಂದು ಬದುಕಿದ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುವಂತೆ ಮಾಡಿ ಅವರ ಕಾಲ ಕೆಳಗಿನ ನೆಲವನ್ನೂ ತೆಗೆಯುತ್ತದೆ. ಅದೂ ಘಟನೆಯೇ. ನಿಮ್ಮ ಬರಹ ಮೊದಲನೆಯದನ್ನು ಮಾತ್ರ ಹೇಳಿ ಎರಡನೆಯದನ್ನು ಬಿಟ್ಟರೆ, ಪುಸ್ತಕ ಓದಿದವರು ಅಲ್ಲೇ ನಿಮ್ಮ ಕೈ ಬಿಡುತ್ತಾರೆ. ಎರಡನ್ನೂ ಇಟ್ಟು, ಆದರೂ ಸಿಟ್ಟು ಇಳಿಯಲಿಲ್ಲ ಎಂದು ಬರೆಯಿರಿ. ಲೇಖಕರ ಸ್ವಂತ ಜೀವನ, ಜಾತಿ, ರಾಜಕೀಯಕ್ಕೆ ಹಾರುವುದು ಸುಲಭ, ಮತ್ತು ಹಾರಿದ ಕೂಡಲೇ ಅದು ಕಾದಂಬರಿಯ ಪ್ರತಿಕ್ರಿಯೆ ಆಗಿ ಉಳಿಯುವುದಿಲ್ಲ.

ಗುಟ್ಟು ಬಿಡುವ ವಿಚಾರ: ಮೇಲೆ ಹೇಳಿದಂಥ ಐವತ್ತು ಅರವತ್ತು ವರ್ಷದ ಪುಸ್ತಕಕ್ಕೆ ಸಂಕೋಚ ಬೇಡ. ಹೊಸ ಕಾದಂಬರಿಯಾದರೆ ಮೊದಲ ಮೂರನೇ ಒಂದು ಭಾಗದಾಚೆ ಏನಾಯಿತೆಂದು ಹೇಳಬೇಡಿ. ಪಕ್ಷ ಬದಲಾದ ಪುಟ ಕೊನೆಯಲ್ಲಿದ್ದರೆ ಘಟನೆಯನ್ನು ಮುಚ್ಚಿಟ್ಟು ಬದಲಾವಣೆಯನ್ನು ಮಾತ್ರ ಹೇಳಬಹುದು.

ಅಳತೆ, ಮತ್ತೆ ಕಳಿಸುವುದು

ಆರುನೂರು ಪದದಲ್ಲಿ ಕತೆಗೆ ಎಂಬತ್ತು ಪದಕ್ಕಿಂತ ಹೆಚ್ಚು ಕೊಡಬೇಡಿ. ಉದ್ಧರಣೆ ಎರಡು, ತಲಾ ಮೂರು ಸಾಲು ಮೀರದಂತೆ, ಅಕ್ಷರಕ್ಕೆ ಅಕ್ಷರ ನೋಡಿ ಇಳಿಸಿದ್ದು. ಆಡುಮಾತಿನ ಸಂಭಾಷಣೆಯನ್ನು ಗ್ರಂಥಭಾಷೆಗೆ ತಿದ್ದಿ ಉದ್ಧರಿಸುವುದು ತುಂಬಾ ಕಾಣುವ ತಪ್ಪು. ಪಾತ್ರಗಳ ಹೆಸರು, ಕಾಗುಣಿತ ಪುಸ್ತಕದಲ್ಲಿರುವಂತೆಯೇ ಇರಲಿ. ಕರಡು ಬರೆದು ಎರಡು ದಿನ ಬಿಟ್ಟು, ಜೋರಾಗಿ ಒಮ್ಮೆ ಓದಿ. ಉಪದೇಶದ ದನಿ ಕೇಳಿದಲ್ಲೆಲ್ಲ ಕತ್ತರಿಸಿ. ಅದು ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿರುತ್ತದೆ, ಪೂರ್ತಿ ತೆಗೆದರೂ ನಷ್ಟವಿಲ್ಲ.

ಓದುಗರ ಪತ್ರಗಳ ಪುಟಕ್ಕಾದರೆ ನೂರೈವತ್ತು ಪದಕ್ಕೆ ಇಳಿಸಬೇಕು. ಆಗ ಕತೆ, ಸ್ವಂತ ಪ್ರಸಂಗ ಎರಡೂ ಹೋಗುತ್ತವೆ, ಒಂದು ಪುಟ ಮತ್ತು ಅದಕ್ಕೆ ನೀವು ಕೊಟ್ಟ ಉತ್ತರ ಉಳಿಯುತ್ತದೆ. ಓದುಗರ ಕೂಟದಲ್ಲಿ ಮಾತಾಡುವುದಾದರೆ ಒಬ್ಬರಿಗೆ ಐದು ನಿಮಿಷ, ಆರೇಳು ಮಂದಿ. ಎಲ್ಲರೂ ಮೊದಲು ತಮ್ಮ ಪಕ್ಷ ಬದಲಾದ ಪುಟವನ್ನು ಮಾತ್ರ ಓದಿ ಸುಮ್ಮನಾಗಲಿ, ಚರ್ಚೆ ಆಮೇಲೆ. ಈ ಕ್ರಮ ತಪ್ಪಿದರೆ ಮೊದಲು ಮಾತಾಡಿದವರ ಅಭಿಪ್ರಾಯವೇ ಕೂಟದ ಅಭಿಪ್ರಾಯವಾಗಿಬಿಡುತ್ತದೆ.

ಪತ್ರಿಕೆಗೆ ಕಳಿಸುವಾಗ ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ನೀವು ಓದಿದ ಮುದ್ರಣದ ವರ್ಷ, ಪುಟ, ಬೆಲೆ ಇಷ್ಟನ್ನು ಕೊನೆಯಲ್ಲಿ ಒಂದೇ ಸಾಲಿನಲ್ಲಿ ಕೊಡಿ. 'ನುಡಿ' ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡಿಗೆ ಬದಲಿಸಿ ಕಳಿಸಿ, ಇಲ್ಲವಾದರೆ ಆ ಕಡೆ ತೆರೆದಾಗ ಕಾಣುವುದು ಅರ್ಥವಿಲ್ಲದ ಚಿಹ್ನೆಗಳು. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳ ಮೇಲೆ ಒಮ್ಮೆ ಕಣ್ಣಾಡಿಸಿ, ಕೆಡುವುದು ಹೆಚ್ಚಾಗಿ ಅಲ್ಲೇ. ಜೊತೆಗೆ ಒಂದು ಪಿಡಿಎಫ್ ಲಗತ್ತಿಸಿದರೆ ಸಂಪಾದಕರು ಅನುಮಾನ ಬಂದಲ್ಲಿ ಹೋಲಿಸಿ ನೋಡುತ್ತಾರೆ.